ಫೋಟೋ ಬ್ಯಾಕಪ್‌ಗೆ ಯಾವ ಸಾಫ್ಟ್‌ವೇರ್ ಆರಿಸಬೇಕು? ಪದೇ ಪದೇ ಕೇಳುವ ಪ್ರಶ್ನೆಗಳು

ಬ್ಯಾಕಪ್ ಸಾಫ್ಟ್‌ವೇರ್ ಹುಡುಕುವವರು ಸಾಮಾನ್ಯವಾಗಿ ನೋಡುವುದು ಫೋಟೋಗಳನ್ನು ಅದರೊಳಗೆ ಹಾಕುವುದು ಎಷ್ಟು ಸುಲಭ ಅನ್ನೋದನ್ನ. ನಾನು ಮೊದಲು ನೋಡುವುದು ಅದರೊಳಗಿಂದ ಫೋಟೋಗಳನ್ನು ಹೊರಗೆ ತೆಗೆಯುವುದು ಎಷ್ಟು ಸುಲಭ ಅಂತ. ಡಿಸ್ಕ್ ಕೆಟ್ಟಿದೆ, ಹೊಸ ಕಂಪ್ಯೂಟರ್ ಮುಂದೆ ಕೂತಿದ್ದೀರಿ, ಕೈಯಲ್ಲಿರುವುದು ಬ್ಯಾಕಪ್ ಮಾತ್ರ. ಆವತ್ತು ಕೆಲಸಕ್ಕೆ ಬರುವ ಸಾಫ್ಟ್‌ವೇರೇ ಒಳ್ಳೆಯ ಸಾಫ್ಟ್‌ವೇರ್. ಕೆಳಗಿನ ಉತ್ತರಗಳನ್ನೆಲ್ಲ ಈ ಅಳತೆ ಇಟ್ಟುಕೊಂಡೇ ಬರೆದಿದ್ದೇನೆ.

ಫೋನ್‌ನಲ್ಲಿ ಗೂಗಲ್ ಫೋಟೋಸ್ ಅಥವಾ ಐಕ್ಲೌಡ್ ಆನ್ ಇದೆ. ಅಷ್ಟು ಸಾಕಲ್ವಾ?

ಸಾಲದು. ಏನೂ ಇಲ್ಲದೇ ಇರುವುದಕ್ಕಿಂತ ಎಷ್ಟೋ ಮೇಲು, ಆದರೆ ಅದೊಂದನ್ನೇ ನಂಬಿ ಕೂರಬೇಡಿ.

ಇವು ಮುಖ್ಯವಾಗಿ ಸಿಂಕ್ ಸೇವೆಗಳು. ಒಂದು ಕಡೆ ಆದ ಬದಲಾವಣೆ ಎಲ್ಲ ಕಡೆಯೂ ಆಗುತ್ತದೆ. ಐಕ್ಲೌಡ್ ಫೋಟೋಸ್ ಆನ್ ಇರುವ ಐಫೋನ್‌ನಲ್ಲಿ ಒಂದು ಫೋಟೋ ಡಿಲೀಟ್ ಮಾಡಿದರೆ ಐಪ್ಯಾಡ್, ಮ್ಯಾಕ್, ಕ್ಲೌಡ್ ಎಲ್ಲದರಿಂದಲೂ ಹೋಗುತ್ತದೆ. 'ಇತ್ತೀಚೆಗೆ ಡಿಲೀಟ್ ಆದವು' ಅನ್ನೋ ಜಾಗದಲ್ಲಿ 30 ದಿನ ಇರುತ್ತದೆ, ಆಮೇಲೆ ಮುಗಿಯಿತು. ಗೂಗಲ್ ಫೋಟೋಸ್‌ನಲ್ಲಿ ಬ್ಯಾಕಪ್ ಆದ ಫೋಟೋ ಟ್ರ್ಯಾಶ್‌ನಲ್ಲಿ 60 ದಿನ ಇರುತ್ತದೆ. ಮನೆಯ ಮಗು ಫೋನ್ ಹಿಡಿದು ಒಂದು ಇಡೀ ಆಲ್ಬಂ ಅಳಿಸಿತು ಅಂದುಕೊಳ್ಳಿ. ನಿಮಗೆ ಅದು ಗೊತ್ತಾಗುವುದು ಆರು ತಿಂಗಳ ಮೇಲೆ, ಯಾರಿಗೋ ತೋರಿಸಲು ಹುಡುಕಿದಾಗ. ಅಷ್ಟರಲ್ಲಿ ಗಡುವು ದಾಟಿರುತ್ತದೆ.

ಇನ್ನೊಂದು ವಿಷಯ. ಗೂಗಲ್ ಫೋಟೋಸ್‌ನಲ್ಲಿ 'ಜಾಗ ಖಾಲಿ ಮಾಡಿ' ಅನ್ನೋ ಆಯ್ಕೆ ಒತ್ತಿದರೆ ಫೋನ್‌ನಲ್ಲಿರುವ ಪ್ರತಿ ಹೋಗಿ ಕ್ಲೌಡ್‌ನಲ್ಲಿರುವ ಪ್ರತಿ ಮಾತ್ರ ಉಳಿಯುತ್ತದೆ. ಜನ ಅದನ್ನು ಆಮೇಲೂ ಬ್ಯಾಕಪ್ ಅಂತಲೇ ಕರೆಯುತ್ತಾರೆ. ಆದರೆ ಆ ಕ್ಷಣದಿಂದ ಅದೇ ಮೂಲ, ಅದಕ್ಕೆ ಬ್ಯಾಕಪ್ ಇಲ್ಲ. ಖಾತೆಯ ವಿಷಯವೂ ಇದೆ. ಎರಡು ವರ್ಷ ಬಳಸದೇ ಬಿಟ್ಟ ವೈಯಕ್ತಿಕ ಖಾತೆಗಳನ್ನು ಅಳಿಸುವ ನಿಯಮವನ್ನು ಗೂಗಲ್ 2023ರಲ್ಲಿ ತಂದಿತು. ಹಿರಿಯರ ಹೆಸರಿನಲ್ಲಿ ತೆರೆದು ಮರೆತುಬಿಟ್ಟ ಖಾತೆ ಇದ್ದರೆ ಒಮ್ಮೆ ಲಾಗಿನ್ ಆಗಿ ನೋಡಿ.

ಹಾಗಾದರೆ ಬ್ಯಾಕಪ್ ಅಂದರೆ ಏನು?

ಮೂಲ ಹಾಳಾದರೂ, ಅಳಿಸಿಹೋದರೂ, ತಪ್ಪಾಗಿ ಬದಲಾದರೂ ಅದರಿಂದ ಕೆಡದೆ ಉಳಿಯುವ ಬೇರೆ ಪ್ರತಿ. 'ತಪ್ಪಾಗಿ ಬದಲಾದರೂ' ಅನ್ನೋ ಮಾತು ಮುಖ್ಯ. ಇವತ್ತಿನ ಫೋಟೋ ಮಾತ್ರವಲ್ಲ, ಹಿಂದಿನ ತಿಂಗಳು ಅದು ಹೇಗಿತ್ತೋ ಆ ರೂಪವೂ ಸಿಗಬೇಕು. ಅದನ್ನೇ ವರ್ಷನ್ ಅನ್ನುತ್ತಾರೆ.

3-2-1 ಅಂತ ಎಲ್ಲರೂ ಹೇಳ್ತಾರೆ. ಏನದು?

ಮೂರು ಪ್ರತಿ, ಎರಡು ಬೇರೆ ಬೇರೆ ಬಗೆಯ ಸಾಧನದಲ್ಲಿ, ಒಂದು ಮನೆಯಿಂದ ಹೊರಗೆ. ಇದನ್ನು ಜನಪ್ರಿಯ ಮಾಡಿದವರು ಪೀಟರ್ ಕ್ರೋಗ್ ಅನ್ನುವ ಛಾಯಾಗ್ರಾಹಕರು. ಮೂರು ಪ್ರತಿ ಅನ್ನುವುದರಲ್ಲಿ ಮೂಲವೂ ಸೇರಿದೆ, ಅಂದರೆ ನೀವು ಮಾಡಬೇಕಾದ ಬ್ಯಾಕಪ್ ಎರಡೇ. ಕಂಪ್ಯೂಟರ್‌ನಲ್ಲಿ ಮೂಲ, ಹೊರಗಿನ ಹಾರ್ಡ್ ಡಿಸ್ಕ್‌ನಲ್ಲಿ ಒಂದು, ಕ್ಲೌಡ್‌ನಲ್ಲೋ ನೆಂಟರ ಮನೆಯಲ್ಲಿಟ್ಟ ಇನ್ನೊಂದು ಡಿಸ್ಕ್‌ನಲ್ಲೋ ಮತ್ತೊಂದು. ಕಂಪ್ಯೂಟರ್ ಮತ್ತು ಡಿಸ್ಕ್ ಒಂದೇ ಮೇಜಿನ ಮೇಲಿದ್ದರೆ ಕಳ್ಳತನ, ಬೆಂಕಿ, ನೀರು ಎರಡನ್ನೂ ಒಟ್ಟಿಗೆ ಮುಗಿಸುತ್ತವೆ.

ಸಾಫ್ಟ್‌ವೇರ್ ಹುಡುಕುವ ಮೊದಲು ಏನು ಮಾಡಲಿ?

ಅಳೆಯಿರಿ. ಒಟ್ಟು ಎಷ್ಟು ಜಿಬಿ ಇದೆ, ಎಲ್ಲೆಲ್ಲಿ ಇದೆ ಅಂತ ಒಂದು ಕಾಗದದಲ್ಲಿ ಬರೆದುಕೊಳ್ಳಿ. ಫೋನ್, ಹಳೆಯ ಲ್ಯಾಪ್‌ಟಾಪ್, ಕ್ಯಾಮೆರಾ ಕಾರ್ಡ್, ಡ್ರಾಯರ್‌ನಲ್ಲಿರುವ ಪೆನ್ ಡ್ರೈವ್, ಯಾವುದನ್ನೂ ಬಿಡಬೇಡಿ.

12 ಮೆಗಾಪಿಕ್ಸೆಲ್ ಫೋನ್ ಫೋಟೋ ಒಂದಕ್ಕೆ ಸುಮಾರು 2ರಿಂದ 4 ಎಂಬಿ. ಹತ್ತು ಸಾವಿರ ಫೋಟೋ ಇದ್ದರೂ 20ರಿಂದ 40 ಜಿಬಿ ಅಷ್ಟೇ. 24 ಮೆಗಾಪಿಕ್ಸೆಲ್ ಕ್ಯಾಮೆರಾದ ರಾ ಫೈಲ್ (ಕ್ಯಾಮೆರಾ ಸಂಸ್ಕರಿಸದೆ ಇಡುವ ಮೂಲ ಡೇಟಾ) ಆದರೆ ಒಂದೊಂದೂ 25-30 ಎಂಬಿ ಆಗುವುದು ಸಾಮಾನ್ಯ. ನಿಜವಾಗಿ ಜಾಗ ತಿನ್ನುವುದು ವಿಡಿಯೋ. ಐಫೋನ್‌ನಲ್ಲಿ ಸೆಕೆಂಡಿಗೆ 30 ಫ್ರೇಮ್‌ನ 4ಕೆ ವಿಡಿಯೋ ತೆಗೆದರೆ ನಿಮಿಷಕ್ಕೆ ಸುಮಾರು 170 ಎಂಬಿ. ಆದ್ದರಿಂದ ವಿಡಿಯೋ ಎಷ್ಟಿದೆ ಅಂತ ಬೇರೆಯಾಗಿ ನೋಡಿ. 60 ಜಿಬಿ ಇರುವವರಿಗೂ 2 ಟಿಬಿ ಇರುವವರಿಗೂ ಒಂದೇ ಸಲಹೆ ಹೊಂದುವುದಿಲ್ಲ.

ಸಾಫ್ಟ್‌ವೇರ್‌ನಲ್ಲಿ ಏನೇನು ನೋಡಬೇಕು?

ನಾನು ನೋಡುವ ಕ್ರಮ ಹೇಳುತ್ತೇನೆ.

ಮೊದಲನೆಯದು, ವಾಪಸ್ ಪಡೆಯುವ ದಾರಿ. ಬೇರೆ ಕಂಪ್ಯೂಟರ್‌ನಲ್ಲಿ, ಈ ಸಾಫ್ಟ್‌ವೇರ್ ಇಲ್ಲದೆ ಫೋಟೋ ತೆರೆಯಲು ಆಗುತ್ತದಾ? ಆಗದಿದ್ದರೆ ಸಾಫ್ಟ್‌ವೇರ್ ಉಚಿತವಾಗಿ ಸಿಗುತ್ತದಾ? ಅದರ ಫೈಲ್ ರಚನೆಯನ್ನು ಬಹಿರಂಗವಾಗಿ ಬರೆದಿಟ್ಟಿದ್ದಾರಾ? ಚಂದಾ ನಿಲ್ಲಿಸಿದರೂ ರಿಸ್ಟೋರ್ ಮಾಡಬಹುದಾ? ಈ ಉತ್ತರಗಳು ಜಾಹೀರಾತಿನಲ್ಲಿ ಇರುವುದಿಲ್ಲ, ಸಹಾಯ ಪುಟಗಳಲ್ಲಿ ಹುಡುಕಬೇಕು.

ಎರಡನೆಯದು, ಹಳೆಯ ವರ್ಷನ್‌ಗಳನ್ನು ಎಷ್ಟು ದಿನ ಇಡುತ್ತದೆ. ಫೋಟೋಗಳ ಮಟ್ಟಿಗೆ 30 ದಿನ ಕಡಿಮೆ. ಕಚೇರಿ ಕಡತ ಕಾಣೆಯಾದರೆ ಮರುದಿನವೇ ಗೊತ್ತಾಗುತ್ತದೆ. ಹತ್ತು ವರ್ಷ ಹಿಂದಿನ ಮದುವೆ ಫೋಟೋ ಕಾಣೆಯಾದದ್ದು ವರ್ಷಗಟ್ಟಲೆ ಗೊತ್ತಾಗದೇ ಇರಬಹುದು. ಕನಿಷ್ಠ ಒಂದು ವರ್ಷ, ಸಾಧ್ಯವಾದರೆ ಶಾಶ್ವತವಾಗಿ ಇಡುವ ಆಯ್ಕೆ ಇರಲಿ.

ಮೂರನೆಯದು, ಅದು ತಾನಾಗಿಯೇ ನಡೆಯಬೇಕು, ನಡೆಯದೇ ಇದ್ದಾಗ ಕೂಗಿ ಹೇಳಬೇಕು. ಎರಡನೇ ಭಾಗವನ್ನು ತುಂಬಾ ಜನ ಮರೆಯುತ್ತಾರೆ. ಪಾಸ್‌ವರ್ಡ್ ಬದಲಾಗಿಯೋ ಡಿಸ್ಕ್ ತುಂಬಿಯೋ ಬ್ಯಾಕಪ್ ನಿಂತುಹೋಗಿ, ಐಕಾನ್ ಮಾತ್ರ ಮೂಲೆಯಲ್ಲಿ ಸುಮ್ನೆ ಕೂತಿರುವುದು ತೀರಾ ಸಾಮಾನ್ಯ. ಇಮೇಲ್ ಕಳಿಸುವ ಅಥವಾ ಪರದೆಯ ಮೇಲೆ ಎಚ್ಚರಿಸುವ ಸಾಫ್ಟ್‌ವೇರ್ ಆರಿಸಿ.

ನಾಲ್ಕನೆಯದು, ಪರಿಶೀಲನೆ. ಬ್ಯಾಕಪ್‌ನಲ್ಲಿರುವ ಡೇಟಾ ಬರೆದಾಗ ಹೇಗಿತ್ತೋ ಈಗಲೂ ಹಾಗೇ ಇದೆಯಾ ಅಂತ ಓದಿ ನೋಡುವ ಸೌಲಭ್ಯ ಇರಬೇಕು.

ಕಂಪ್ರೆಷನ್ ಬಗ್ಗೆ ತಲೆ ಕೆಡಿಸಿಕೊಳ್ಳಬೇಡಿ. 'ಅರ್ಧ ಜಾಗ ಸಾಕು' ಅನ್ನೋ ಮಾತು ಪಠ್ಯ ಕಡತಗಳಿಗೆ ಸರಿ. ಜೆಪೆಗ್, ಎಚ್‌ಇಐಸಿ, ವಿಡಿಯೋ ಇವೆಲ್ಲ ಮೊದಲೇ ಕುಗ್ಗಿಸಿದ ಫೈಲ್‌ಗಳು, ಮತ್ತೆ ಕುಗ್ಗಿಸಿದರೆ ಉಳಿಯುವುದು ಅತ್ಯಲ್ಪ. ಅದರ ಬದಲು ಡಿಡುಪ್ಲಿಕೇಷನ್ ಇದೆಯಾ ನೋಡಿ. ನೀವು '2019' ಅನ್ನೋ ಫೋಲ್ಡರ್ ಹೆಸರನ್ನು 'ಪ್ರವಾಸ 2019' ಅಂತ ಬದಲಿಸಿದರೆ ಸಾಮಾನ್ಯ ಕಾಪಿ ಸಾಫ್ಟ್‌ವೇರ್ ಅಷ್ಟೂ ಫೋಟೋಗಳನ್ನು ಹೊಸದೆಂದು ತಿಳಿದು ಮತ್ತೆ ಬರೆಯಬಹುದು. ಡಿಡುಪ್ಲಿಕೇಷನ್ ಇರುವುದು ಒಳಗಿನ ಡೇಟಾ ನೋಡಿ 'ಇದು ನನ್ನ ಹತ್ತಿರ ಇದೆ' ಅಂತ ಗುರುತಿಸುತ್ತದೆ. ಫೋಟೋಗಳನ್ನು ಆಗಾಗ ಅತ್ತಿತ್ತ ಜೋಡಿಸುವವರಿಗೆ ಇದರ ಲಾಭ ದೊಡ್ಡದು.

ಬರೀ ಕಾಪಿ ಮಾಡುವ ಸಾಫ್ಟ್‌ವೇರ್ ಒಳ್ಳೆಯದಾ, ತನ್ನದೇ ರೂಪದಲ್ಲಿ ಕಟ್ಟಿಡುವುದು ಒಳ್ಳೆಯದಾ?

ಎರಡರಲ್ಲೂ ಒಂದೊಂದು ಇರಲಿ ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ.

ಕಾಪಿ ಬಗೆಯವು ಫೋಟೋಗಳನ್ನು ಇದ್ದ ಹಾಗೆಯೇ ಇನ್ನೊಂದು ಡಿಸ್ಕ್‌ಗೆ ಹಾಕುತ್ತವೆ. ಫ್ರೀಫೈಲ್‌ಸಿಂಕ್ ಇದಕ್ಕೆ ಒಳ್ಳೆಯ ಉದಾಹರಣೆ, ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರರಲ್ಲೂ ನಡೆಯುತ್ತದೆ. ಮ್ಯಾಕ್‌ನಲ್ಲಿ ಕಾರ್ಬನ್ ಕಾಪಿ ಕ್ಲೋನರ್ ಇದೆ. ಕಮಾಂಡ್ ಬರೆಯಲು ಹೆದರದವರಿಗೆ 1996ರಿಂದ ಇರುವ ಆರ್‌ಸಿಂಕ್ ಇದೆ. ಡಿಸ್ಕ್ ತೆಗೆದು ಯಾವ ಕಂಪ್ಯೂಟರ್‌ಗೆ ಚುಚ್ಚಿದರೂ ಫೋಟೋ ಕಾಣುತ್ತದೆ. ಏನೂ ತಿಳಿಯದವರೂ ತೆರೆದು ನೋಡಬಹುದು. ಅದಕ್ಕಿಂತ ಸುಲಭದ ರಿಸ್ಟೋರ್ ಬೇರೆ ಇಲ್ಲ.

ಆದರೆ ಇಲ್ಲೊಂದು ಬಲೆ ಇದೆ. 'ಮಿರರ್' ಅನ್ನೋ ಆಯ್ಕೆ ಮೂಲದಲ್ಲಿ ಇಲ್ಲದ್ದನ್ನು ಬ್ಯಾಕಪ್‌ನಿಂದಲೂ ಅಳಿಸುತ್ತದೆ. ತಪ್ಪಿ ಡಿಲೀಟ್ ಆದ ಫೋಲ್ಡರ್ ಮುಂದಿನ ಸಲ ಬ್ಯಾಕಪ್‌ನಿಂದಲೂ ಮಾಯ. ಫ್ರೀಫೈಲ್‌ಸಿಂಕ್‌ನಲ್ಲಿ ಅಳಿಸಿದ ಮತ್ತು ಬದಲಾದ ಫೈಲ್‌ಗಳನ್ನು ಬೇರೆ ಫೋಲ್ಡರ್‌ಗೆ ಸರಿಸಿಡುವ ವರ್ಷನಿಂಗ್ ಆಯ್ಕೆ ಇದೆ. ಅದನ್ನು ಆನ್ ಮಾಡದೆ ಮಿರರ್ ಬಳಸಬೇಡಿ.

ಕಟ್ಟಿಡುವ ಬಗೆಯವು ಫೋಟೋಗಳನ್ನು ತುಂಡುಗಳಾಗಿ ಒಡೆದು, ಎನ್‌ಕ್ರಿಪ್ಟ್ ಮಾಡಿ (ಪಾಸ್‌ವರ್ಡ್ ಇಲ್ಲದೆ ಓದಲಾಗದ ಹಾಗೆ ಬದಲಿಸಿ), ತಮ್ಮದೇ ಭಂಡಾರದಲ್ಲಿ ಇಡುತ್ತವೆ. ರೆಸ್ಟಿಕ್, ಬೋರ್ಗ್, ಕೋಪಿಯಾ, ಡುಪ್ಲಿಕಾಟಿ, ಆರ್ಕ್ ಈ ಸಾಲಿನವು. ಡಿಸ್ಕ್ ತೆರೆದರೆ ಅರ್ಥವಾಗದ ಹೆಸರಿನ ನೂರಾರು ಫೈಲ್ ಕಾಣುತ್ತವೆ, ಫೋಟೋ ಒಂದೂ ಕಾಣುವುದಿಲ್ಲ. ಬದಲಿಗೆ ಸಿಗುವುದು ವರ್ಷನ್‌ಗಳು, ಡಿಡುಪ್ಲಿಕೇಷನ್, ಪರಿಶೀಲನೆ, ಗೌಪ್ಯತೆ. ಮನೆಯಿಂದ ಹೊರಗೆ ಹೋಗುವ ಪ್ರತಿಗೆ ಇದು ಸರಿ. ಮನೆಯೊಳಗಿನ ಡಿಸ್ಕ್‌ಗೆ ಕಾಪಿ ಬಗೆ ಸರಿ. ಒಂದರಲ್ಲಿ ಸಾಫ್ಟ್‌ವೇರ್ ದೋಷ ಬಂದರೂ ಇನ್ನೊಂದು ಬೇರೆ ದಾರಿಯಲ್ಲಿ ನಿಂತಿರುತ್ತದೆ.

ಕಂಪ್ಯೂಟರ್‌ನಲ್ಲಿ ಮೊದಲೇ ಇರುವ ಬ್ಯಾಕಪ್ ಬಳಸಬಹುದಾ?

ಖಂಡಿತ. ಮ್ಯಾಕ್‌ನವರು ಟೈಮ್ ಮಷೀನ್‌ನಿಂದಲೇ ಶುರು ಮಾಡಿ. 2007ರಿಂದ ಇದೆ. ಕಳೆದ 24 ಗಂಟೆಗೆ ಗಂಟೆಗೊಂದು, ಕಳೆದ ತಿಂಗಳಿಗೆ ದಿನಕ್ಕೊಂದು, ಅದಕ್ಕೂ ಹಿಂದಿನದಕ್ಕೆ ವಾರಕ್ಕೊಂದು ಪ್ರತಿ ಇಡುತ್ತದೆ. ಡಿಸ್ಕ್ ತುಂಬಿದರೆ ತೀರಾ ಹಳೆಯದನ್ನು ಅಳಿಸುತ್ತದೆ, ಅದಕ್ಕೇ ಡಿಸ್ಕ್ ದೊಡ್ಡದಿರಲಿ. ಫೋಟೋಗಳು ಹೊರಗಿನ ಡಿಸ್ಕ್‌ನಲ್ಲಿದ್ದರೆ ಆ ಡಿಸ್ಕ್ ಬ್ಯಾಕಪ್‌ನಿಂದ ಹೊರಗಿಟ್ಟ ಪಟ್ಟಿಯಲ್ಲಿ ಇದೆಯಾ ಅಂತ ಸೆಟ್ಟಿಂಗ್ಸ್‌ನಲ್ಲಿ ನೋಡಿ.

ವಿಂಡೋಸ್‌ನಲ್ಲಿ ಫೈಲ್ ಹಿಸ್ಟರಿ ಇದೆ. ವಿಂಡೋಸ್ 11ರಲ್ಲಿ ಅದು ಕಂಟ್ರೋಲ್ ಪ್ಯಾನೆಲ್ ಒಳಗೆ ಅಡಗಿದೆ. ಅದು ಇಡುವ ಪ್ರತಿಗಳು ಮಾಮೂಲಿ ಫೈಲ್‌ಗಳೇ, ಹೆಸರಿನ ಕೊನೆಗೆ ದಿನಾಂಕ ಮತ್ತು ಸಮಯ ಅಂಟಿಸಿರುತ್ತದೆ ಅಷ್ಟೇ. ಹಾಗಾಗಿ ಬೇರೆ ಕಂಪ್ಯೂಟರ್‌ನಲ್ಲೂ ತೆರೆದುಕೊಳ್ಳುತ್ತವೆ. ಅದೇ ವಿಂಡೋಸ್‌ನ 'ವಿಂಡೋಸ್ ಬ್ಯಾಕಪ್' ಆ್ಯಪ್ ಬೇರೆ. ಅದು ಫೋಲ್ಡರ್‌ಗಳನ್ನು ಒನ್‌ಡ್ರೈವ್‌ಗೆ ಸಿಂಕ್ ಮಾಡುತ್ತದೆ. ಹೆಸರಿನಲ್ಲಿ ಬ್ಯಾಕಪ್ ಇದೆ ಅಂತ ಎರಡನ್ನೂ ಒಂದೇ ಅಂದುಕೊಳ್ಳಬೇಡಿ.

ರೆಸ್ಟಿಕ್, ಬೋರ್ಗ್, ಕೋಪಿಯಾ, ಡುಪ್ಲಿಕಾಟಿ: ಯಾವುದು ಯಾರಿಗೆ?

ನಾಲ್ಕೂ ಉಚಿತ, ನಾಲ್ಕರ ಮೂಲ ಕೋಡ್ ಮುಕ್ತ. ರೆಸ್ಟಿಕ್ ಕಮಾಂಡ್ ಬರೆಯುವವರಿಗೆ. ಇಡೀ ಸಾಫ್ಟ್‌ವೇರ್ ಒಂದೇ ಫೈಲ್, ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರರಲ್ಲೂ ನಡೆಯುತ್ತದೆ, ಎನ್‌ಕ್ರಿಪ್ಷನ್ ಯಾವಾಗಲೂ ಆನ್. ಬೋರ್ಗ್ ಲಿನಕ್ಸ್ ಮತ್ತು ಮ್ಯಾಕ್‌ನವರಿಗೆ. ವೋರ್ಟಾ ಅನ್ನೋ ಆ್ಯಪ್ ಅದಕ್ಕೆ ಕಿಟಕಿ, ಬಟನ್‌ಗಳನ್ನು ಕೊಡುತ್ತದೆ. ಕಮಾಂಡ್ ಬೇಡ ಅನ್ನುವವರು ಕೋಪಿಯಾ ನೋಡಿ, ಅದರ ಜೊತೆಗೇ ಚಿತ್ರರೂಪದ ಆ್ಯಪ್ ಬರುತ್ತದೆ. ಡುಪ್ಲಿಕಾಟಿ ಬ್ರೌಸರ್‌ನಲ್ಲಿ ತೆರೆದುಕೊಳ್ಳುತ್ತದೆ, ಹೊಂದಿಸುವುದು ಸುಲಭ. ಆದರೆ ಅದು ಕಂಪ್ಯೂಟರ್‌ನಲ್ಲೇ ಒಂದು ಡೇಟಾಬೇಸ್ ಇಟ್ಟುಕೊಂಡಿರುತ್ತದೆ. ಕಂಪ್ಯೂಟರ್ ಹೋದರೆ ಆ ಡೇಟಾಬೇಸ್ ಮತ್ತೆ ಕಟ್ಟಬೇಕು, ದೊಡ್ಡ ಸಂಗ್ರಹದಲ್ಲಿ ಅದಕ್ಕೆ ತುಂಬಾ ಹೊತ್ತು ಹಿಡಿಯಬಹುದು.

ಆರ್ಕ್‌ಗೆ ಹಣ ಕೊಡಬೇಕು, ಮ್ಯಾಕ್ ಮತ್ತು ವಿಂಡೋಸ್‌ನಲ್ಲಿ ಸಿಗುತ್ತದೆ. ಬ್ಯಾಕಪ್ ರಚನೆಯನ್ನು ಬಹಿರಂಗವಾಗಿ ಬರೆದಿಟ್ಟಿರುವುದು ನನಗೆ ಅದರಲ್ಲಿ ಇಷ್ಟವಾದ ಸಂಗತಿ.

ನಿಮಗೆ ಅರ್ಥವಾಗುವುದನ್ನು ಆರಿಸಿ. ಶಕ್ತಿಶಾಲಿಯಾದರೂ ಬಳಸಲು ಹಿಂಜರಿಯುವ ಸಾಫ್ಟ್‌ವೇರ್‌ಗಿಂತ ಫೈಲ್ ಹಿಸ್ಟರಿಯೇ ವಾಸಿ.

'ಅನ್‌ಲಿಮಿಟೆಡ್' ಕ್ಲೌಡ್ ಬ್ಯಾಕಪ್ ನಂಬಬಹುದಾ?

ಷರತ್ತು ಓದಿ ನಂಬಿ. ಒಂದು ಕಂಪ್ಯೂಟರ್‌ಗೆ ಇಷ್ಟು ಅಂತ ಚಂದಾ ತೆಗೆದುಕೊಂಡು ಎಲ್ಲವನ್ನೂ ಕ್ಲೌಡ್‌ಗೆ ಕಳಿಸುವ ಸೇವೆಗಳು ಆರಾಮದ ಮಟ್ಟಿಗೆ ತುಂಬಾ ಒಳ್ಳೆಯವು. ಹೊಂದಿಸಿ ಬಿಟ್ಟರೆ ತಾವೇ ನಡೆಯುತ್ತವೆ. ನೋಡಬೇಕಾದ ಷರತ್ತುಗಳು ಹೀಗಿರುತ್ತವೆ: ಹೊರಗಿನ ಡಿಸ್ಕ್ ಇಷ್ಟು ದಿನಕ್ಕೊಮ್ಮೆ ಜೋಡಿಸದಿದ್ದರೆ ಅದರ ಬ್ಯಾಕಪ್ ಅಳಿಸುತ್ತೇವೆ, ನೆಟ್‌ವರ್ಕ್ ಡ್ರೈವ್‌ಗಳು ಸೇರುವುದಿಲ್ಲ, ಅಳಿಸಿದ ಫೈಲ್ ಇಷ್ಟು ದಿನ ಮಾತ್ರ ಸಿಗುತ್ತದೆ. ಹಳೆಯ ಫೋಟೋಗಳನ್ನು ಡಿಸ್ಕ್‌ನಲ್ಲಿ ತುಂಬಿ ಬೀರುವಿನಲ್ಲಿ ಇಡುವವರಿಗೆ ಮೊದಲನೇ ಷರತ್ತು ನೇರ ಹೊಡೆತ.

ಇನ್ನೊಂದು ದಾರಿ ಅಂದರೆ ಜಿಬಿ ಲೆಕ್ಕದಲ್ಲಿ ಜಾಗ ಬಾಡಿಗೆಗೆ ಪಡೆದು ರೆಸ್ಟಿಕ್, ಕೋಪಿಯಾ, ಆರ್ಕ್‌ನಂಥವನ್ನು ಅದಕ್ಕೆ ಜೋಡಿಸುವುದು. ಸೇವೆ ಇಷ್ಟವಾಗದಿದ್ದರೆ ಜಾಗ ಬದಲಿಸಬಹುದು, ಸಾಫ್ಟ್‌ವೇರ್ ಅದೇ ಇರುತ್ತದೆ. ಆದರೆ ಡೇಟಾ ವಾಪಸ್ ಇಳಿಸಿಕೊಳ್ಳಲು ಬೇರೆ ಶುಲ್ಕ ಇದೆಯಾ ಅಂತ ಮೊದಲೇ ನೋಡಿ.

ದೊಡ್ಡ ಕಂಪನಿಗಳು ಫೋಟೋ ಕಳೆಯುತ್ತವಾ?

ಕಳೆದದ್ದಿದೆ. ಹಳೆಯ ಸರ್ವರ್‌ನಿಂದ ಹೊಸದಕ್ಕೆ ಸಾಗಿಸುವಾಗ ಬಳಕೆದಾರರ ಹಾಡು, ಫೋಟೋ, ವಿಡಿಯೋಗಳು ಹೋದವು ಅಂತ ಸಾಮಾಜಿಕ ಜಾಲತಾಣ ಮೈಸ್ಪೇಸ್ 2019ರಲ್ಲಿ ಒಪ್ಪಿಕೊಂಡಿತು. 2020ರಲ್ಲಿ ಕ್ಯಾನನ್‌ನ ಇಮೇಜ್ ಡಾಟ್ ಕ್ಯಾನನ್ ಸೇವೆಯಲ್ಲಿ ಕೆಲವರ ಮೂಲ ಫೋಟೋಗಳು ಕಳೆದುಹೋದವು. 2021ರ ಮಾರ್ಚ್‌ನಲ್ಲಿ ಫ್ರಾನ್ಸ್‌ನ ಸ್ಟ್ರಾಸ್‌ಬರ್ಗ್‌ನಲ್ಲಿ ಕ್ಲೌಡ್ ಕಂಪನಿ ಓವಿಎಚ್‌ನ ಡೇಟಾ ಸೆಂಟರ್ ಕಟ್ಟಡಕ್ಕೆ ಬೆಂಕಿ ಬಿತ್ತು.

ಕಳೆಯದೇ ಇದ್ದರೂ ನಿಯಮ ಬದಲಾಗಬಹುದು. ಉಚಿತ ಖಾತೆಗೆ ಸಾವಿರ ಫೋಟೋ ಮಿತಿ ಅಂತ ಫೋಟೋ ಹಂಚಿಕೊಳ್ಳುವ ತಾಣ ಫ್ಲಿಕರ್ 2018ರಲ್ಲಿ ಹೇಳಿತು. ಗೂಗಲ್ ಫೋಟೋಸ್‌ನ ಉಚಿತ ಅಪರಿಮಿತ ಜಾಗ 2021ರ ಜೂನ್ 1ಕ್ಕೆ ನಿಂತಿತು. ಮನೆಬಳಕೆಯ ಕ್ಲೌಡ್ ಬ್ಯಾಕಪ್ ಸೇವೆ ಕ್ರ್ಯಾಶ್‌ಪ್ಲಾನ್ ಮುಚ್ಚುವುದಾಗಿ 2017ರಲ್ಲಿ ಪ್ರಕಟಿಸಿ 2018ರಲ್ಲಿ ಮುಚ್ಚಿದರು. ಆಗ ಬೇರೆ ಪ್ರತಿ ಇದ್ದವರಿಗೆ ಅದು ಬರೀ ಹೊಸ ಸೇವೆ ಹುಡುಕುವ ಕೆಲಸ. ಇಲ್ಲದವರು ಗಡುವಿನೊಳಗೆ ಎಲ್ಲವನ್ನೂ ಇಳಿಸಿಕೊಳ್ಳಬೇಕಾಯಿತು.

ಮೊದಲ ಅಪ್‌ಲೋಡ್ ಮುಗಿಯುವುದೇ ಇಲ್ಲ. ಏನೋ ಕೆಟ್ಟಿದೆಯಾ?

ಬಹುಶಃ ಇಲ್ಲ. ಲೆಕ್ಕ ಹಾಕಿ ನೋಡಿ. 500 ಜಿಬಿ ಫೋಟೋ, ಅಪ್‌ಲೋಡ್ ವೇಗ 10 ಎಂಬಿಪಿಎಸ್ (ಸೆಕೆಂಡಿಗೆ 10 ಮೆಗಾಬಿಟ್, ಅಂದರೆ 1.25 ಎಂಬಿ). ಹಗಲು ರಾತ್ರಿ ನಿಲ್ಲದೆ ನಡೆದರೂ ಸುಮಾರು ನಾಲ್ಕೂವರೆ ದಿನ. ರಾತ್ರಿ ಎಂಟು ಗಂಟೆ ಮಾತ್ರ ಕಂಪ್ಯೂಟರ್ ಆನ್ ಇಟ್ಟರೆ ಎರಡು ವಾರ. ಇಂಟರ್ನೆಟ್ ಯೋಜನೆಯಲ್ಲಿ ದೊಡ್ಡದಾಗಿ ಬರೆಯುವುದು ಡೌನ್‌ಲೋಡ್ ವೇಗ, ಅಪ್‌ಲೋಡ್ ಎಷ್ಟೋ ಕಡೆ ಅದಕ್ಕಿಂತ ತೀರಾ ಕಡಿಮೆ. ಮೊದಲ ಸಲ ಮಾತ್ರ ಈ ಪಾಡು. ಆಮೇಲೆ ಹೊಸ ಫೋಟೋಗಳಷ್ಟೇ ಹೋಗುತ್ತವೆ. ತುಂಬಾ ಬೇಕಾದ ಫೋಲ್ಡರ್‌ಗಳನ್ನು ಮೊದಲು ಸೇರಿಸಿ, ಉಳಿದದ್ದು ನಿಧಾನವಾಗಿ ಹೋಗಲಿ.

ಫೋನ್‌ನ ಫೋಟೋಗಳನ್ನು ಕಂಪ್ಯೂಟರ್‌ಗೆ ತಂದಿದ್ದೇನೆ. ಎಲ್ಲವೂ ಸರಿಯಾಗಿ ಬಂದಿದೆ ಅಂತ ಹೇಗೆ ತಿಳಿಯಲಿ?

ಇದು ತುಂಬಾ ಒಳ್ಳೆಯ ಪ್ರಶ್ನೆ, ಕೇಳುವವರು ಕಡಿಮೆ.

ಐಫೋನ್, ಮ್ಯಾಕ್ ಎರಡರಲ್ಲೂ 'ಆಪ್ಟಿಮೈಸ್ ಸ್ಟೋರೇಜ್' ಅನ್ನೋ ಆಯ್ಕೆ ಇದೆ. ಅದು ಆನ್ ಇದ್ದರೆ ಪೂರ್ಣ ಗಾತ್ರದ ಫೋಟೋ ಐಕ್ಲೌಡ್‌ನಲ್ಲಿ, ಸಾಧನದಲ್ಲಿ ಜಾಗ ಕಡಿಮೆ ಆದಾಗ ಅಲ್ಲಿ ಉಳಿಯುವುದು ಚಿಕ್ಕ ಪ್ರತಿ ಮಾತ್ರ. ಗ್ಯಾಲರಿಯಲ್ಲಿ ನೋಡಿದರೆ ವ್ಯತ್ಯಾಸ ಗೊತ್ತಾಗುವುದಿಲ್ಲ. ಆ ಮ್ಯಾಕ್‌ನ ಬ್ಯಾಕಪ್ ತೆಗೆದರೆ ಬ್ಯಾಕಪ್ ಸಾಫ್ಟ್‌ವೇರ್ ಡಿಸ್ಕ್‌ನಲ್ಲಿ ಇರುವುದನ್ನಷ್ಟೇ ತೆಗೆದುಕೊಳ್ಳುತ್ತದೆ, ಅಂದರೆ ಚಿಕ್ಕ ಪ್ರತಿಗಳನ್ನು. ವರದಿಯಲ್ಲಿ ಎಲ್ಲವೂ ಯಶಸ್ವಿ ಅಂತಲೇ ಬರುತ್ತದೆ. ಬ್ಯಾಕಪ್ ತೆಗೆಯುವ ಒಂದು ಮ್ಯಾಕ್‌ನಲ್ಲಾದರೂ 'ಮೂಲ ಪ್ರತಿಗಳನ್ನು ಈ ಮ್ಯಾಕ್‌ಗೆ ಇಳಿಸು' ಅನ್ನೋದನ್ನು ಆರಿಸಿ. ಇನ್ನೊಂದು ಮಾತು: ಐಕ್ಲೌಡ್ ಫೋಟೋಸ್ ಆನ್ ಇದ್ದರೆ ಫೋನ್‌ನ ಐಕ್ಲೌಡ್ ಬ್ಯಾಕಪ್‌ನಲ್ಲಿ ಫೋಟೋಗಳು ಬೇರೆಯಾಗಿ ಸೇರುವುದಿಲ್ಲ.

ಪರೀಕ್ಷೆ ಹೀಗೆ ಮಾಡಿ. ಬ್ಯಾಕಪ್‌ನಿಂದ ಹಳೆಯ ಫೋಟೋ ಒಂದನ್ನು ತೆಗೆದು ಅದರ ವಿವರ ನೋಡಿ. 4032×3024 ಪಿಕ್ಸೆಲ್ ಇರಬೇಕಾದ ಕಡೆ ಅದಕ್ಕಿಂತ ತೀರಾ ಸಣ್ಣ ಸಂಖ್ಯೆ ಇದ್ದರೆ ಅದು ಮೂಲವಲ್ಲ. ಮುಖದ ಮೇಲೆ ಝೂಮ್ ಮಾಡಿ. ಮೂಲವಾದರೆ ರೆಪ್ಪೆಗೂದಲು ಬಿಡಿಬಿಡಿಯಾಗಿ ಕಾಣುತ್ತದೆ, ಚಿಕ್ಕ ಪ್ರತಿಯಾದರೆ ಒರಸಿದ ಹಾಗೆ ಕಾಣುತ್ತದೆ. ಲೈವ್ ಫೋಟೋ ಇದ್ದರೆ ಒಂದೇ ಹೆಸರಿನ ಎರಡು ಫೈಲ್ ಬಂದಿರಬೇಕು, ಒಂದು ಚಿತ್ರ, ಇನ್ನೊಂದು ಕಿರು ವಿಡಿಯೋ.

ಗೂಗಲ್ ಫೋಟೋಸ್‌ನಿಂದ ಎಲ್ಲವನ್ನೂ ಇಳಿಸಲು ಟೇಕ್‌ಔಟ್ ಇದೆ. ಫೋಟೋಗಳ ಜೊತೆ ಪ್ರತಿಯೊಂದಕ್ಕೂ ಒಂದು ಜೇಸನ್ ಫೈಲ್ ಬರುತ್ತದೆ. ಕಸ ಅಂತ ಅದನ್ನು ಅಳಿಸಬೇಡಿ. ಗೂಗಲ್‌ನಲ್ಲಿ ನೀವು ತಿದ್ದಿದ ದಿನಾಂಕ, ಬರೆದ ವಿವರ ಅದರೊಳಗೇ ಇರುತ್ತದೆ.

ವಾಟ್ಸ್‌ಆ್ಯಪ್‌ನಲ್ಲಿ ಮನೆಯವರಿಗೆ ಕಳಿಸಿಟ್ಟರೆ ಬ್ಯಾಕಪ್ ಆಗಲ್ವಾ?

ಇಲ್ಲ. ಫೋಟೋ ಆಗಿ ಕಳಿಸಿದರೆ ಅದು ಕುಗ್ಗುತ್ತದೆ. ಯಾವಾಗ, ಎಲ್ಲಿ ತೆಗೆದದ್ದು ಅನ್ನೋ ಮಾಹಿತಿಯೂ ಹೋಗುತ್ತದೆ.

ಲೈಟ್‌ರೂಮ್, ಡಿಜಿಕ್ಯಾಮ್‌ನಂಥ ಫೋಟೋ ಜೋಡಿಸಿ ತಿದ್ದುವ ಆ್ಯಪ್ ಬಳಸುತ್ತೇನೆ. ಫೋಟೋ ಫೋಲ್ಡರ್ ಬ್ಯಾಕಪ್ ಮಾಡಿದರೆ ಸಾಕಾ?

ಸಾಲದು. ಲೈಟ್‌ರೂಮ್ ಕ್ಲಾಸಿಕ್‌ನಲ್ಲಿ ನೀವು ಮಾಡುವ ತಿದ್ದುಪಡಿ, ಸ್ಟಾರ್, ಸಂಗ್ರಹ ಎಲ್ಲವೂ ಕ್ಯಾಟಲಾಗ್ ಫೈಲ್‌ನಲ್ಲಿ ಇರುತ್ತವೆ, ಫೋಟೋದಲ್ಲಿ ಅಲ್ಲ. ಅದು ಮುಚ್ಚುವಾಗ 'ಬ್ಯಾಕಪ್ ಮಾಡಲಾ' ಅಂತ ಕೇಳುತ್ತದಲ್ಲ, ಅದು ಕ್ಯಾಟಲಾಗ್‌ನ ಬ್ಯಾಕಪ್ ಮಾತ್ರ, ಫೋಟೋ ಒಂದೂ ಅದರಲ್ಲಿ ಇರುವುದಿಲ್ಲ. ಎಷ್ಟೋ ಜನ ಆ ಬಟನ್ ಒತ್ತಿ ನಿಶ್ಚಿಂತರಾಗಿದ್ದಾರೆ. ಫೋಟೋ ಮತ್ತು ಕ್ಯಾಟಲಾಗ್ ಎರಡೂ ಬ್ಯಾಕಪ್ ಪಟ್ಟಿಯಲ್ಲಿ ಇರಬೇಕು. ಡಿಜಿಕ್ಯಾಮ್‌ಗೂ ಡೇಟಾಬೇಸ್ ಇದೆ. ಟ್ಯಾಗ್‌ಗಳನ್ನು ಫೋಟೋದೊಳಗೋ ಪಕ್ಕದ ಎಕ್ಸ್‌ಎಂಪಿ ಫೈಲ್‌ನಲ್ಲೋ ಬರೆಯುವ ಆಯ್ಕೆಯನ್ನು ಆನ್ ಮಾಡಿದರೆ ಮುಂದೆ ಯಾವ ಆ್ಯಪ್‌ಗೆ ಹೋದರೂ ಅವು ಜೊತೆಗೆ ಬರುತ್ತವೆ.

ಆ್ಯಪಲ್ ಫೋಟೋಸ್ ಆದರೆ ಲೈಬ್ರರಿಯನ್ನು ಇಡಿಯಾಗಿ ತೆಗೆದುಕೊಳ್ಳಿ. ಮನೆಯಲ್ಲೇ ಇಮಿಚ್ (ಸ್ವಂತ ಸರ್ವರ್‌ನಲ್ಲಿ ನಡೆಯುವ ಫೋಟೋ ಗ್ಯಾಲರಿ) ನಡೆಸುವವರು ಫೋಟೋಗಳ ಜೊತೆ ಅದರ ಡೇಟಾಬೇಸನ್ನೂ ಸೇರಿಸಿ. ಇಲ್ಲದಿದ್ದರೆ ಆಲ್ಬಂ, ಮುಖಗಳ ಹೆಸರು ಎಲ್ಲ ಹೋಗುತ್ತದೆ.

ಎರಡು ಡಿಸ್ಕ್ ಇರುವ ನ್ಯಾಸ್ (ಮನೆಯ ನೆಟ್‌ವರ್ಕ್‌ಗೆ ಜೋಡಿಸುವ ಡಿಸ್ಕ್ ಪೆಟ್ಟಿಗೆ) ಇದೆ, ಎರಡರಲ್ಲೂ ಒಂದೇ ಡೇಟಾ ಇಡುವ ರೇಡ್ ಹಾಕಿದ್ದೇನೆ. ಬ್ಯಾಕಪ್ ಬೇಕಾ?

ಬೇಕು. ಒಂದು ಡಿಸ್ಕ್ ಕೆಟ್ಟರೆ ಕೆಲಸ ನಿಲ್ಲದ ಹಾಗೆ ರೇಡ್ ನೋಡಿಕೊಳ್ಳುತ್ತದೆ. ನೀವು ಅಳಿಸಿದ್ದನ್ನು ಅದೇ ಕ್ಷಣದಲ್ಲಿ ಎರಡೂ ಡಿಸ್ಕ್‌ಗಳಿಂದ ಅಳಿಸುತ್ತದೆ. ನ್ಯಾಸ್‌ಗೂ ಹೊರಗೆ ಒಂದು ಪ್ರತಿ ಇರಲಿ.

ಬ್ಯಾಕಪ್‌ಗೆ ಹಾರ್ಡ್ ಡಿಸ್ಕ್ ತರಲಾ, ಎಸ್‌ಎಸ್‌ಡಿ ತರಲಾ?

ಬೀರುವಿನಲ್ಲಿ ಇಡುವ ಪ್ರತಿಗೆ ಹಾರ್ಡ್ ಡಿಸ್ಕ್. ಅಷ್ಟೇ ಹಣಕ್ಕೆ ಜಾಸ್ತಿ ಜಾಗ ಸಿಗುತ್ತದೆ. ಎಸ್‌ಎಸ್‌ಡಿಯಲ್ಲಿ ಡೇಟಾ ವಿದ್ಯುತ್ ಚಾರ್ಜ್ ರೂಪದಲ್ಲಿ ಇರುವುದರಿಂದ ವರ್ಷಗಟ್ಟಲೆ ಕರೆಂಟ್ ಕೊಡದೆ ಇಡುವುದು ಒಳ್ಳೆಯದಲ್ಲ. ವಿಂಡೋಸ್, ಮ್ಯಾಕ್ ಎರಡರಲ್ಲೂ ಓದಬೇಕಾದರೆ ಎಕ್ಸ್‌ಫ್ಯಾಟ್ ಫಾರ್ಮ್ಯಾಟ್ ಮಾಡಿ. ಫ್ಯಾಟ್32 ಬೇಡ, ಅದರಲ್ಲಿ 4 ಜಿಬಿಗಿಂತ ದೊಡ್ಡ ಫೈಲ್ ಹಿಡಿಸುವುದಿಲ್ಲ, ಉದ್ದದ ವಿಡಿಯೋ ಅರ್ಧಕ್ಕೇ ನಿಲ್ಲುತ್ತದೆ.

ಎನ್‌ಕ್ರಿಪ್ಷನ್ ಹಾಕಲಾ ಬೇಡವಾ?

ಮನೆಯಿಂದ ಹೊರಗೆ ಹೋಗುವ ಪ್ರತಿಗೆ ಹಾಕಿ. ಮನೆಯೊಳಗಿನದಕ್ಕೆ ನೀವೇ ಯೋಚಿಸಿ. ಕಳ್ಳತನದ ಭಯ ಜಾಸ್ತಿಯೋ, ಪಾಸ್‌ವರ್ಡ್ ಮರೆಯುವ ಭಯ ಜಾಸ್ತಿಯೋ? ಮನೆಯ ಎಲ್ಲರೂ ತೆರೆಯಬೇಕಾದ ಫೋಟೋ ಡಿಸ್ಕ್ ಆದರೆ ನಾನು ಎನ್‌ಕ್ರಿಪ್ಷನ್ ಇಲ್ಲದೆ ಇಡುವುದರ ಪರ. ಅದೇ ಡಿಸ್ಕ್‌ನಲ್ಲಿ ಗುರುತಿನ ಚೀಟಿ, ಬ್ಯಾಂಕ್ ಕಾಗದಗಳ ಫೋಟೋ ಇದ್ದರೆ ಮಾತು ಬೇರೆ.

ರೆಸ್ಟಿಕ್, ಬೋರ್ಗ್‌ನಂಥವುಗಳಲ್ಲಿ 'ಪಾಸ್‌ವರ್ಡ್ ಮರೆತಿದೆ' ಅನ್ನೋ ಬಟನ್ ಇಲ್ಲ. ಮರೆತರೆ ಫೋಟೋ ಹೋಯಿತು ಅಂತಲೇ ಅರ್ಥ. ಪಾಸ್‌ವರ್ಡನ್ನು ಆ ಕಂಪ್ಯೂಟರ್‌ನಲ್ಲಿ ಮಾತ್ರ ಇಟ್ಟುಕೊಳ್ಳಬೇಡಿ, ಕಂಪ್ಯೂಟರ್ ಹೋದ ದಿನವೇ ಅದು ಬೇಕಾಗುವುದು. ಕಾಗದದಲ್ಲಿ ಬರೆದು ಎರಡು ಕಡೆ ಇಡಿ. ಸಾಫ್ಟ್‌ವೇರ್ ಹೆಸರು, ಬ್ಯಾಕಪ್ ಇರುವ ಜಾಗ, ಖಾತೆಯ ಇಮೇಲ್ ಕೂಡ ಅದೇ ಕಾಗದದಲ್ಲಿರಲಿ, ಮನೆಯ ಇನ್ನೊಬ್ಬರಿಗೆ ಅದು ಎಲ್ಲಿದೆ ಅಂತ ಗೊತ್ತಿರಲಿ.

ವೈರಸ್ ಬಂದು ಬ್ಯಾಕಪ್ ಕೂಡ ಹಾಳಾದರೆ?

ಫೈಲ್‌ಗಳನ್ನು ಬೀಗ ಹಾಕಿ ಹಣ ಕೇಳುವ ರ‍್ಯಾನ್ಸಮ್‌ವೇರ್, ಜೋಡಿಸಿರುವ ಡಿಸ್ಕ್‌ಗೂ ಕೈ ಹಾಕುತ್ತದೆ. ಬ್ಯಾಕಪ್ ಮುಗಿದ ಮೇಲೆ ಡಿಸ್ಕ್ ಕಳಚಿಡಿ. ಸದಾ ಜೋಡಿಸಿರಬೇಕಾದ ಟೈಮ್ ಮಷೀನ್ ಥರದ್ದು ಇದ್ದರೆ, ತಿಂಗಳಿಗೊಮ್ಮೆ ಮಾತ್ರ ಜೋಡಿಸುವ ಇನ್ನೊಂದು ಡಿಸ್ಕ್ ಇಟ್ಟುಕೊಳ್ಳಿ.

ಕೆಲವು ಹಳೆಯ ಫೋಟೋಗಳ ಕೆಳಗಿನ ಅರ್ಧ ಬೂದು ಬಣ್ಣ ಆಗಿದೆ. ಯಾಕೆ?

ಜೆಪೆಗ್ ಫೈಲ್‌ನ ನಡುವೆ ಡೇಟಾ ಕೆಟ್ಟಾಗ ಹೀಗಾಗುತ್ತದೆ. ಚಿತ್ರವನ್ನು ಮೇಲಿಂದ ಕೆಳಕ್ಕೆ ಬಿಡಿಸುವಾಗ ಕೆಟ್ಟ ಜಾಗದಿಂದ ಮುಂದಿನದು ತಪ್ಪುತ್ತದೆ. ಅಲ್ಲಿಂದ ಕೆಳಗೆ ಬೂದು ಪಟ್ಟಿಯೋ ಬಣ್ಣಗೆಟ್ಟ ಚೂರುಗಳೋ ಕಾಣುತ್ತವೆ. ಡಿಸ್ಕ್ ಹಳೆಯದಾಗಿರಬಹುದು, ಕಾಪಿ ಆಗುವಾಗ ಕೇಬಲ್ ಕಳಚಿರಬಹುದು.

ಕಾಪಿ ಸಾಫ್ಟ್‌ವೇರ್‌ಗಳು ಸಾಮಾನ್ಯವಾಗಿ ಗಾತ್ರ ಮತ್ತು ದಿನಾಂಕ ಮಾತ್ರ ಹೋಲಿಸುತ್ತವೆ, ಒಳಗಿನ ಹಾಳು ಅವಕ್ಕೆ ಕಾಣುವುದಿಲ್ಲ. ಫ್ರೀಫೈಲ್‌ಸಿಂಕ್‌ನಲ್ಲಿ 'ಒಳಗಿನ ಡೇಟಾ ಹೋಲಿಸು' ಅನ್ನೋ ಆಯ್ಕೆ ಇದೆ, ನಿಧಾನ ಆದರೂ ವರ್ಷಕ್ಕೆ ಒಂದೆರಡು ಸಲ ನಡೆಸಿ. ವ್ಯತ್ಯಾಸ ಕಂಡರೆ ಎರಡೂ ಪ್ರತಿ ತೆರೆದು ಕಣ್ಣಿನಿಂದ ನೋಡಿ ಸರಿ ಇರುವುದನ್ನು ಉಳಿಸಿಕೊಳ್ಳಿ. ರೆಸ್ಟಿಕ್, ಬೋರ್ಗ್, ಕೋಪಿಯಾ ಪ್ರತಿ ತುಂಡಿಗೂ ಚೆಕ್‌ಸಮ್ (ಡೇಟಾದಿಂದ ಲೆಕ್ಕ ಹಾಕಿದ ಗುರುತಿನ ಸಂಖ್ಯೆ) ಇಡುವುದರಿಂದ ಬ್ಯಾಕಪ್ ಕೆಟ್ಟಿದ್ದರೆ ಹೇಳುತ್ತವೆ. ಮೂಲವೇ ಕೆಟ್ಟಮೇಲೆ ಬ್ಯಾಕಪ್ ತೆಗೆದಿದ್ದರೆ ಯಾವ ಸಾಫ್ಟ್‌ವೇರೂ ಹೇಳಲಾರದು. ಆಗ ಕಾಪಾಡುವುದು ಹಳೆಯ ವರ್ಷನ್ ಒಂದೇ.

ರಿಸ್ಟೋರ್ ಪರೀಕ್ಷೆ ಹೇಗೆ ಮಾಡಲಿ?

ಸಾಫ್ಟ್‌ವೇರ್ ಕೊಳ್ಳುವ ಮೊದಲೇ, ಉಚಿತ ಅವಧಿಯಲ್ಲೇ ಮಾಡಿ. ಒಂದು ಫೋಲ್ಡರ್‌ನಲ್ಲಿ ಬೇರೆ ಬೇರೆ ವರ್ಷದ ಫೋಟೋ, ಒಂದು ರಾ ಫೈಲ್, ಒಂದು ಉದ್ದದ ವಿಡಿಯೋ, ಕನ್ನಡ ಹೆಸರಿನ ಒಂದು ಫೈಲ್ ಹಾಕಿ. ಬ್ಯಾಕಪ್ ತೆಗೆಯಿರಿ. ಮರುದಿನ ಒಂದು ಫೋಟೋ ಅಳಿಸಿ, ಇನ್ನೊಂದನ್ನು ಕತ್ತರಿಸಿ ಸೇವ್ ಮಾಡಿ, ಮತ್ತೆ ಬ್ಯಾಕಪ್ ತೆಗೆಯಿರಿ.

ಈಗ ಬೇರೆ ಕಂಪ್ಯೂಟರ್‌ಗೆ ಹೋಗಿ. ನಿಮ್ಮ ಕಂಪ್ಯೂಟರ್ ಇಲ್ಲವೇ ಇಲ್ಲ ಅಂದುಕೊಂಡು, ಕಾಗದದಲ್ಲಿ ಬರೆದಿಟ್ಟ ಮಾಹಿತಿಯಿಂದ ಮಾತ್ರ ಆ ಫೋಲ್ಡರ್ ವಾಪಸ್ ತನ್ನಿ. ಅಳಿಸಿದ ಫೋಟೋ ಬಂತಾ? ಕತ್ತರಿಸುವ ಮುಂಚಿನ ರೂಪ ಸಿಕ್ಕಿತಾ? ಕನ್ನಡ ಹೆಸರು ಸರಿಯಾಗಿದೆಯಾ, ಪ್ರಶ್ನಾರ್ಥಕ ಚಿಹ್ನೆ ಆಗಿದೆಯಾ? ವಿಡಿಯೋ ಕೊನೆಯವರೆಗೂ ಓಡುತ್ತದಾ? ಫೋಟೋ ತೆಗೆದ ದಿನಾಂಕ ಹಾಗೇ ಇದೆಯಾ? ಎಲ್ಲಿ ತಡವರಿಸಿದಿರೋ ಅದನ್ನು ಆ ಕಾಗದಕ್ಕೆ ಸೇರಿಸಿ. ವರ್ಷಕ್ಕೊಮ್ಮೆಯಾದರೂ ಇದನ್ನು ಮತ್ತೆ ಮಾಡಿ. ನೆನಪಿಗೆ ದಿನ ಬೇಕಾದ್ರೆ ಮಾರ್ಚ್ 31 ಇದೆ, ವಿಶ್ವ ಬ್ಯಾಕಪ್ ದಿನ.

ಇಷ್ಟೆಲ್ಲ ಓದಿದೆ. ನೇರವಾಗಿ ಹೇಳಿ, ಏನು ಹಾಕಿಕೊಳ್ಳಲಿ?

ಫೋನ್ ಮಾತ್ರ ಇದ್ದು ಕಂಪ್ಯೂಟರ್ ಕಡಿಮೆ ಬಳಸುವವರು ಕ್ಲೌಡ್ ಆನ್ ಇಡಿ, ಎರಡು ಮೂರು ತಿಂಗಳಿಗೊಮ್ಮೆ ಮೂಲ ಫೋಟೋಗಳನ್ನು ಕೇಬಲ್‌ನಿಂದ ಒಂದು ಹಾರ್ಡ್ ಡಿಸ್ಕ್‌ಗೆ ಹಾಕಿ. ಸಾಫ್ಟ್‌ವೇರೇ ಬೇಡ. ಮ್ಯಾಕ್‌ನವರು ಟೈಮ್ ಮಷೀನ್, ಅದರ ಜೊತೆ ಆರ್ಕ್ ಅಥವಾ ಯಾವುದಾದರೂ ಕ್ಲೌಡ್ ಬ್ಯಾಕಪ್ ಸೇವೆ. ವಿಂಡೋಸ್‌ನವರು ಫೈಲ್ ಹಿಸ್ಟರಿ ಅಥವಾ ವರ್ಷನಿಂಗ್ ಆನ್ ಮಾಡಿದ ಫ್ರೀಫೈಲ್‌ಸಿಂಕ್, ಹೊರಗಿನ ಪ್ರತಿಗೆ ಕೋಪಿಯಾ. ಲಿನಕ್ಸ್‌ನವರಿಗೆ ಆರ್‌ಸಿಂಕ್, ಜೊತೆಗೆ ರೆಸ್ಟಿಕ್ ಅಥವಾ ಬೋರ್ಗ್. ಒಟ್ಟು 1 ಟಿಬಿ ದಾಟಿದ್ದು ಇಂಟರ್ನೆಟ್ ನಿಧಾನ ಇದ್ದರೆ ಕ್ಲೌಡ್ ಬಿಟ್ಟುಬಿಡಿ. ಎರಡು ಡಿಸ್ಕ್ ಇಟ್ಟುಕೊಂಡು, ಒಂದನ್ನು ನೆಂಟರ ಮನೆಯಲ್ಲಿಟ್ಟು, ಹೋದಾಗಲೆಲ್ಲ ಅದಲು ಬದಲು ಮಾಡಿ.

ಹೊಸ ವ್ಯವಸ್ಥೆಗೆ ಬಂದ ಮೇಲೆ ಹಳೆಯ ಬ್ಯಾಕಪ್ ಡಿಸ್ಕ್ ಏನು ಮಾಡಲಿ?

ಅವಸರ ಬೇಡ. ಹೊಸದರಲ್ಲಿ ರಿಸ್ಟೋರ್ ಪರೀಕ್ಷೆ ಸರಿಯಾಗಿ ಆಗುವವರೆಗೆ ಹಳೆಯದನ್ನು ಮುಟ್ಟಬೇಡಿ. ಆಮೇಲೂ ಜಾಗ ಇದ್ದರೆ ಒಂದು ವರ್ಷ ಹಾಗೇ ಇಡಿ. ಬೇರೆಯವರಿಗೆ ಕೊಡುವುದಾದರೆ ಕ್ವಿಕ್ ಫಾರ್ಮ್ಯಾಟ್ ಸಾಲದು, ಅದು ಫೈಲ್‌ಗಳ ಪಟ್ಟಿಯನ್ನಷ್ಟೇ ಅಳಿಸುತ್ತದೆ, ಒಳಗಿನ ಫೋಟೋಗಳನ್ನು ರಿಕವರಿ ಸಾಫ್ಟ್‌ವೇರ್‌ನಿಂದ ತೆಗೆಯಬಹುದು. ಹಾರ್ಡ್ ಡಿಸ್ಕ್ ಆದರೆ ವಿಂಡೋಸ್‌ನಲ್ಲಿ ಕ್ವಿಕ್ ಅನ್ನೋ ಗುರುತು ತೆಗೆದು ಪೂರ್ತಿ ಫಾರ್ಮ್ಯಾಟ್ ಮಾಡಿ. ದೊಡ್ಡ ಡಿಸ್ಕ್‌ಗೆ ಕೆಲವು ಗಂಟೆ ಹಿಡಿಯುತ್ತದೆ, ರಾತ್ರಿ ಹಚ್ಚಿಟ್ಟು ಮಲಗಿ.